ಮುಟ್ಟಾಗುವ ಮೊದಲಿನ ಹತ್ತು ದಿನಗಳಿಗೆ ಹೆಸರೇನು?

ಹಾಲಿನ ಲೆಕ್ಕ (ಚರ್ಚೆ ಆರಂಭಿಸಿದವರು)

ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 34, ಮಕ್ಕಳಿಬ್ಬರು. ಎರಡನೆಯ ಹೆರಿಗೆಯಾದ ಮೇಲೆ, ಅಂದರೆ ಸುಮಾರು ಆರು ವರ್ಷಗಳಿಂದ, ಮುಟ್ಟಿಗೆ ಒಂಬತ್ತು ಹತ್ತು ದಿನಗಳಿರುವಾಗ ನನ್ನೊಳಗೆ ಬೇರೆ ಯಾರೋ ಬಂದು ಕುಳಿತಂತಾಗುತ್ತದೆ. ಮಗನ ಟಿಫಿನ್ ಡಬ್ಬಿಯ ಮುಚ್ಚಳ ಸಿಗಲಿಲ್ಲವೆಂದು ಡಬ್ಬಿಯನ್ನೇ ಹಿತ್ತಿಲಿಗೆ ಎಸೆದಿದ್ದೇನೆ. ಆಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹಂಡೆಯ ಪಕ್ಕ ಕುಳಿತು ಅತ್ತಿದ್ದೇನೆ. ನಾನಿಲ್ಲದಿದ್ದರೆ ಈ ಮನೆ ಚೆನ್ನಾಗಿ ನಡೆಯುತ್ತದೆ ಎಂಬ ಯೋಚನೆ ಆ ದಿನಗಳಲ್ಲಿ ಯೋಚನೆಯಂತೆಯೇ ಅನ್ನಿಸುವುದಿಲ್ಲ, ಎರಡು ಮತ್ತು ಎರಡು ನಾಲ್ಕು ಎಂಬಷ್ಟು ಸ್ಪಷ್ಟವಾದ ಸತ್ಯವೆಂದೇ ಅನ್ನಿಸುತ್ತದೆ. ಮುಟ್ಟಾದ ದಿನ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡಂತೆ ಎಲ್ಲವೂ ಹೊರಟುಹೋಗುತ್ತದೆ. ಉಳಿದವರಿಗೆ ಕಷ್ಟ ಶುರುವಾಗುವ ದಿನ ನನಗೆ ಕಷ್ಟ ಮುಗಿಯುವ ದಿನ.

ಎರಡು ವರ್ಷಗಳಲ್ಲಿ ನಾನು ಮೂರು ಬಾರಿ ರಾಜೀನಾಮೆ ಪತ್ರ ಬರೆದು ಕೊಡದೆ ಇಟ್ಟುಕೊಂಡಿದ್ದೇನೆ. ಒಂದು ದಿನ ಕಪಾಟು ಜೋಡಿಸುವಾಗ ಅವುಗಳ ತಾರೀಖುಗಳನ್ನು ನೋಡಿದೆ. ಮೂರೂ ಮುಟ್ಟಿನ ಹಿಂದಿನ ವಾರದವು. ಆಗಲೇ ವೈದ್ಯರ ಬಳಿ ಹೋದದ್ದು. ಅವರು ಒಂದೇ ಸಲಕ್ಕೆ ಏನನ್ನೂ ಹೇಳದೆ, ಎರಡು ಮುಟ್ಟಿನ ಚಕ್ರಗಳ ಕಾಲ ಪ್ರತಿ ರಾತ್ರಿ ಸಿಟ್ಟು, ಬೇಸರ, ಗಾಬರಿ, ನಿದ್ರೆ ಇವುಗಳಿಗೆ 1ರಿಂದ 6ರವರೆಗೆ ಅಂಕ ಹಾಕಿಕೊಂಡು ಬರಲು ಹೇಳಿದರು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಬರೆದೆ. ಹಾಲಿನವರಿಗೆ ದುಡ್ಡು ಕೊಡಲು ಹೋದ ಯಜಮಾನರು ಒಂದೇ ದಿನಕ್ಕೆ ಆರು ಲೀಟರ್ ಹಾಲು ಏಕೆ ಎಂದು ಕೇಳಿದರು.

ಈಗ ವೈದ್ಯರು ಪಿಎಂಡಿಡಿ (ಪ್ರೀಮೆನ್‌ಸ್ಟ್ರುಯಲ್ ಡಿಸ್ಫೋರಿಕ್ ಡಿಸಾರ್ಡರ್, ಅಂದರೆ ಮುಟ್ಟಿಗೆ ಮೊದಲು ಮನಸ್ಸು ತೀವ್ರವಾಗಿ ಕೆಡುವ ಕಾಯಿಲೆ) ಎಂದು ಹೇಳಿ, ಮುಟ್ಟಿಗೆ ಹದಿನಾಲ್ಕು ದಿನ ಮೊದಲಿನಿಂದ ಮುಟ್ಟಾಗುವವರೆಗೆ ಮಾತ್ರ ನುಂಗಲು ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಅದು ಖಿನ್ನತೆಗೆ ಕೊಡುವ ಮಾತ್ರೆ ಎಂದು ತಿಳಿದ ಮೇಲೆ ಯಜಮಾನರು, "ಅದನ್ನು ಒಮ್ಮೆ ಹಿಡಿದರೆ ಬಿಡುವುದಕ್ಕಾಗುವುದಿಲ್ಲ, ಸ್ವಲ್ಪ ಸಹನೆ ಬೆಳೆಸಿಕೊ" ಎನ್ನುತ್ತಿದ್ದಾರೆ. ಅತ್ತೆಯವರಿಗೆ ವಿಷಯವೇ ಗೊತ್ತಿಲ್ಲ. ಇಂಥ ಮಾತ್ರೆ ತೆಗೆದುಕೊಂಡವರು ಇಲ್ಲಿ ಇದ್ದೀರಾ? ಮನೆಯಲ್ಲಿ ಏನೆಂದು ಹೇಳಿದಿರಿ? ಆ ಮೂರು ದಿನಗಳಿಗೆ ನಮ್ಮಲ್ಲಿ ಮುಟ್ಟು, ತಿಂಗಳು, ಹೊರಗೆ, ಕಡಿಗೆ, ದೂರ ಎಂದು ಊರಿಗೊಂದು ಮಾತಿದೆ. ಅದಕ್ಕೆ ಮೊದಲಿನ ಹತ್ತು ದಿನಗಳಿಗೆ ಒಂದು ಮಾತಾದರೂ ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತು.

ವರದೆಯ ದಡ

ನೀವು ಪತ್ರಗಳನ್ನು ಇಟ್ಟುಕೊಂಡಿದ್ದೀರಿ. ನಾನು ಸಿಟ್ಟು ಮಾಡಿಕೊಂಡು ತವರಿಗೆ ಹೊರಟ ಬಸ್ಸಿನ ಟಿಕೇಟುಗಳನ್ನು ಇಟ್ಟುಕೊಂಡಿದ್ದರೆ ಅವೂ ಅದೇ ವಾರದವೇ ಆಗಿರುತ್ತಿದ್ದವು.

ನೇರಮಾತು

ಬೇಸರ ಮಾಡಿಕೊಳ್ಳಬೇಡಿ, ಆದರೆ ಹೇಳದೆ ಇರಲಾರೆ. ನನಗೆ 58 ವರ್ಷ. ಗದ್ದೆ, ಕೊಟ್ಟಿಗೆ, ಹನ್ನೊಂದು ಜನರ ಅಡುಗೆ, ಎಲ್ಲವನ್ನೂ ಮಾಡಿದ್ದೇನೆ. ಮುಟ್ಟಿನ ಹಿಂದೆ ಮುಂದೆ ಮನಸ್ಸು ಕೆಡುವುದು ಎಲ್ಲ ಹೆಂಗಸರಿಗೂ ಇದ್ದದ್ದೇ. ಈಗ ಪ್ರತಿಯೊಂದಕ್ಕೂ ನಾಲ್ಕಕ್ಷರದ ಇಂಗ್ಲಿಷ್ ಹೆಸರಿಟ್ಟು ಮಾತ್ರೆ ಮಾರುತ್ತಾರೆ. ಸಿಟ್ಟು ಬಂದರೆ ಅದಕ್ಕೆ ಕಾರಣ ಮನೆಯಲ್ಲಿರುತ್ತದೆ, ಗರ್ಭಕೋಶದಲ್ಲಿ ಅಲ್ಲ.

ಎರಡನೇ ಪಾಳಿ

ನೇರಮಾತು ಅವರೇ, ಎಲ್ಲರಿಗೂ ಇರುವುದು ಬೇರೆ, ಇದು ಬೇರೆ. ನಾನು ಸ್ತ್ರೀರೋಗತಜ್ಞೆ. ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಹದಿನೇಳು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮುಟ್ಟಿಗೆ ಮೊದಲು ಎದೆ ಬಿಗಿಯುವುದು, ಹೊಟ್ಟೆ ಉಬ್ಬುವುದು, ಸಣ್ಣಪುಟ್ಟದ್ದಕ್ಕೆ ಕಣ್ಣು ತುಂಬುವುದು ಬಹುತೇಕ ಹೆಂಗಸರ ಅನುಭವಕ್ಕೆ ಬರುತ್ತದೆ. ತೊಂದರೆ ಸ್ವಲ್ಪ ಹೆಚ್ಚಾದರೆ ಪಿಎಂಎಸ್ (ಪ್ರೀಮೆನ್‌ಸ್ಟ್ರುಯಲ್ ಸಿಂಡ್ರೋಮ್) ಎನ್ನುತ್ತೇವೆ. ಪಿಎಂಡಿಡಿ ಎನ್ನಬೇಕಾದರೆ ಪಟ್ಟಿಯಲ್ಲಿರುವ ಹನ್ನೊಂದು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು. ಆ ಐದರಲ್ಲಿ ಒಂದಾದರೂ ಕೆರಳುವಿಕೆ, ತೀವ್ರ ಬೇಸರ, ಆತಂಕ ಅಥವಾ ಗಳಿಗೆಗೊಮ್ಮೆ ಮನಸ್ಸು ಬದಲಾಗುವುದು, ಈ ನಾಲ್ಕರ ಪೈಕಿ ಆಗಿರಬೇಕು. ಅವು ಮುಟ್ಟಾದ ಕೆಲವೇ ದಿನಗಳಲ್ಲಿ ಇಳಿದು, ಮುಟ್ಟು ಮುಗಿದ ವಾರದಲ್ಲಿ ಇಲ್ಲವೇ ಇಲ್ಲ ಎನ್ನುವಂತಾಗಬೇಕು. ಕೆಲಸಕ್ಕೋ ಸಂಬಂಧಕ್ಕೋ ಅವುಗಳಿಂದ ನಿಜವಾದ ಪೆಟ್ಟು ಬೀಳುತ್ತಿರಬೇಕು. ನೂರು ಹೆಂಗಸರಲ್ಲಿ ಮೂರರಿಂದ ಎಂಟು ಮಂದಿ ಎಂಬ ಅಂದಾಜು ಬಹಳ ಕಾಲದಿಂದ ಬಳಕೆಯಲ್ಲಿದೆ. ಎಲ್ಲರಿಗೂ ಬರುವಂಥದ್ದಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಎರಡು ತಿಂಗಳು ಬರೆಯಲು ಹೇಳಿದ ವೈದ್ಯರು ಸರಿಯಾದ ಕೆಲಸ ಮಾಡಿದ್ದಾರೆ. ನೆನಪಿನಿಂದ ಹೇಳುವ ಮಾತು ಇಲ್ಲಿ ಆಗಾಗ ತಪ್ಪುತ್ತದೆ. ಮುಟ್ಟಿನ ಮುಂಚೆ ಮಾತ್ರ ಹೀಗೆ ಎಂದುಕೊಂಡು ಬಂದವರ ಪಟ್ಟಿ ನೋಡಿದರೆ ತಿಂಗಳಿಡೀ ಖಿನ್ನತೆ ಇದ್ದು, ಆ ವಾರದಲ್ಲಿ ಅದು ಇನ್ನಷ್ಟು ಏರಿರುವುದು ಕಾಣುತ್ತದೆ. ಅದಕ್ಕೆ ಚಿಕಿತ್ಸೆಯ ದಾರಿಯೇ ಬೇರೆ. ಥೈರಾಯ್ಡ್ ತೊಂದರೆ, ರಕ್ತಹೀನತೆ ಇವೆಯೇ ಎಂದು ನೋಡಿಸಿಕೊಳ್ಳುವುದೂ ಒಳ್ಳೆಯದು. ಆದರೆ ಪಿಎಂಡಿಡಿ ಇದೆಯೆಂದು ತೋರಿಸಿಕೊಡುವ ರಕ್ತಪರೀಕ್ಷೆ ಯಾವುದೂ ಇಲ್ಲ.

ಹೆಬ್ಬಾಳದ ಟ್ರಾಫಿಕ್

ಕೊನೆಯ ವಾಕ್ಯವನ್ನು ನಾನು ಆರು ಸಾವಿರ ರೂಪಾಯಿ ಖರ್ಚಾಗುವ ಮೊದಲು ಓದಬೇಕಿತ್ತು. ಒಂದು ಲ್ಯಾಬಿನಲ್ಲಿ ಹಾರ್ಮೋನುಗಳ ಪರೀಕ್ಷೆಗಳನ್ನು ಒಂದೇ ಪ್ಯಾಕೇಜಿನಲ್ಲಿ ಮಾಡಿಸಿದೆ. ಎಲ್ಲವೂ ನಾರ್ಮಲ್ ಎಂದು ಬಂತು. ವರದಿ ನೋಡಿದ ನನ್ನ ಅಕ್ಕ, "ಹಾಗಾದರೆ ನಿನಗೆ ಏನೂ ಆಗಿಲ್ಲ" ಎಂದಳು. ಏನೂ ಆಗಿಲ್ಲ ಎಂಬ ಆ ಮಾತು ಕಾಯಿಲೆಗಿಂತ ಹೆಚ್ಚು ನೋವು ಕೊಟ್ಟಿತು.

ಎರಡನೇ ಪಾಳಿ

ನಿಮ್ಮ ಅಕ್ಕನವರಿಗೆ ಇದನ್ನು ಓದಿಸಿ. ಹಾರ್ಮೋನು ನಾರ್ಮಲ್ ಇರುವುದೇ ಈ ಕಾಯಿಲೆಯ ಸ್ವರೂಪ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪೀಟರ್ ಶ್ಮಿಟ್, ಡೇವಿಡ್ ರೂಬಿನೋ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ತೀವ್ರ ತೊಂದರೆಯಿದ್ದ ಹೆಂಗಸರಿಗೆ ಅಂಡಾಶಯದ ಕೆಲಸವನ್ನೇ ನಿಲ್ಲಿಸುವ ಔಷಧ ಕೊಟ್ಟರು. ಹಲವರಿಗೆ ಲಕ್ಷಣಗಳು ಹೋದವು. ಹಾಗೆ ಗುಣ ಕಂಡವರಿಗೆ ಈಸ್ಟ್ರೋಜನ್ ಅಥವಾ ಪ್ರೊಜೆಸ್ಟೆರೋನನ್ನು ಸಹಜ ಪ್ರಮಾಣದಲ್ಲಿ ಮರಳಿ ಕೊಟ್ಟಾಗ ಲಕ್ಷಣಗಳು ಮರಳಿ ಬಂದವು. ಮೊದಲಿನಿಂದ ತೊಂದರೆಯಿಲ್ಲದ ಹೆಂಗಸರಿಗೂ ಅದನ್ನೇ ಮಾಡಿ ನೋಡಿದರು. ಅವರಿಗೆ ಏನೂ ಆಗಲಿಲ್ಲ. ಅಂದರೆ ಹಾರ್ಮೋನು ಹೆಚ್ಚು ಕಡಿಮೆಯಾಗಿಲ್ಲ, ಅದರ ಸಹಜ ಏರಿಳಿತವನ್ನು ಮಿದುಳು ತಡೆದುಕೊಳ್ಳುವ ಬಗೆ ಬೇರೆಯಾಗಿದೆ. ಒಂದೇ ಪಂಕ್ತಿಯಲ್ಲಿ ಒಂದೇ ಸಾರು ಬಡಿಸಿದರೂ ಒಬ್ಬರ ಮೈಗೆ ಮಾತ್ರ ಅದು ಒಗ್ಗದೆ ಗಂಧೆ ಏಳುವುದಿಲ್ಲವೇ?

ನೇರಮಾತು

ಡಾಕ್ಟರಮ್ಮ, ನಿಮ್ಮ ಮಾತಿಗೆ ಗೌರವವಿದೆ. ಆದರೂ ಕೇಳುತ್ತೇನೆ. ನಮ್ಮ ಅಜ್ಜಿಯರ ಕಾಲದಲ್ಲಿ ಇದು ಎಲ್ಲಿತ್ತು?

ಕುಂದಾಪುರದ ಅಮ್ಮಮ್ಮ

ಇಲ್ಲೇ ಇತ್ತು ಮಗಳೇ. ನನಗೆ 71 ವರ್ಷ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ನನ್ನ ಚಿಕ್ಕಮ್ಮನಿಗೆ ತಿಂಗಳಿಗೊಮ್ಮೆ ಗಾಳಿ ಸೋಕುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಎರಡು ದಿನಗಳಲ್ಲಿ ಹೊರಗೆ ಕೂರುವ ಹೊತ್ತಿಗೆ ಅವಳು ಸರಿಯಾಗುತ್ತಿದ್ದಳು, ತಾಯಿತ ಫಲ ಕೊಟ್ಟಿತು ಎನ್ನುತ್ತಿದ್ದರು. ಈಗ ಈ ಹುಡುಗಿಯ ಕ್ಯಾಲೆಂಡರಿನ ಕತೆ ಕೇಳಿದ ಮೇಲೆ ನನಗೆ ಅನುಮಾನ ಬರುತ್ತಿದೆ. ಅವಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಅವಳಿಗೆ ಓದು ಬರಹವೂ ಬರುತ್ತಿರಲಿಲ್ಲ. ನಲವತ್ತರ ಮೊದಲೇ ಬಾವಿಗೆ ಬಿದ್ದಳು. ಕಾಲು ಜಾರಿತು ಎಂದು ಹೇಳಿಕೊಂಡೆವು.

ಹೆಸರು ಕೇಳಿದಿರಿ. ಮಳೆ ಹಿಡಿಯುವ ಮೊದಲು ಇಲ್ಲಿ ಒಂದು ಸೆಕೆ ಇರುತ್ತದೆ. ಎಲೆ ಅಲ್ಲಾಡುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ, ನಾಯಿಗೂ ಸಿಟ್ಟು. ನಾನು ಆ ದಿನಗಳನ್ನು ಸೆಕೆ ಎನ್ನುತ್ತಿದ್ದೆ. ನಿಮ್ಮಷ್ಟು ಜೋರಾಗಿ ನನಗೆ ಇರಲಿಲ್ಲ.

ವರದೆಯ ದಡ

ಅಮ್ಮಮ್ಮ, "ಸೆಕೆ" ಎಂಬುದನ್ನು ಇವತ್ತಿನಿಂದ ನಾನು ಬಳಸುತ್ತೇನೆ. ನಮ್ಮ ಹಾವೇರಿಯ ಕಡೆ "ಧಗೆ" ಎನ್ನುತ್ತಾರೆ, ಎರಡೂ ನಡೆಯುತ್ತದೆ.

ಪದಕೋಶ

ವೈದ್ಯಕೀಯ ಬರವಣಿಗೆಯಲ್ಲಿ ಇದನ್ನು "ಮುಟ್ಟುಪೂರ್ವ ಖಿನ್ನತೆ" ಎಂದು ಕರೆದುಬಿಟ್ಟರೆ ತಪ್ಪಾಗುತ್ತದೆ, ಏಕೆಂದರೆ ಅನೇಕರಲ್ಲಿ ಎದ್ದು ಕಾಣುವುದು ಬೇಸರವಲ್ಲ, ಸಿಟ್ಟು. "ಮುಟ್ಟುಪೂರ್ವ ಮನೋವ್ಯಥೆ" ಎನ್ನಬಹುದು. ಆದರೆ ಮನೆಯ ಮಾತಿಗೆ ಸೆಕೆಯೇ ಚೆನ್ನ. ಈ ನಾಮಕರಣದ ಜಗಳ ನಮ್ಮದಷ್ಟೇ ಅಲ್ಲ ಎಂಬುದನ್ನೂ ಸೇರಿಸುತ್ತೇನೆ. 1931ರಲ್ಲಿ ರಾಬರ್ಟ್ ಫ್ರಾಂಕ್ ಎಂಬ ಅಮೆರಿಕದ ವೈದ್ಯ ಇದನ್ನು ಮುಟ್ಟುಪೂರ್ವ ಉದ್ವೇಗ ಎಂಬರ್ಥದ ಹೆಸರಿನಿಂದ ಕರೆದ. 1953ರಲ್ಲಿ ಬ್ರಿಟನ್ನಿನ ವೈದ್ಯೆ ಕ್ಯಾಥರೀನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಅದನ್ನು ಸಿಂಡ್ರೋಮ್, ಅಂದರೆ ಲಕ್ಷಣಗಳ ಗುಂಪು, ಎಂದು ಬದಲಿಸಿದರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಪಿಎಂಡಿಡಿ ಬಹಳ ವರ್ಷ ಅನುಬಂಧದಲ್ಲಿ ಬಿದ್ದಿತ್ತು, 2013ರ ಆವೃತ್ತಿಯಲ್ಲಿ ಒಳಗಿನ ಅಧ್ಯಾಯಕ್ಕೆ ಬಂತು. ಇಷ್ಟು ತಡವಾದುದಕ್ಕೆ ಗಂಡಸರಷ್ಟೇ ಕಾರಣರಲ್ಲ. ಮುಟ್ಟಾಗುವ ಹೆಂಗಸರನ್ನೆಲ್ಲ ಹುಚ್ಚಿಯರೆಂದು ಕರೆಯಲು ದಾರಿಯಾಗುತ್ತದೆ ಎಂದು ಸ್ತ್ರೀವಾದಿಗಳೇ ಗಟ್ಟಿಯಾಗಿ ವಿರೋಧಿಸಿದ್ದರು.

ಕಪ್ಪು ಕೋಟು

ಆ ವಿರೋಧದಲ್ಲಿ ಅರ್ಥವಿಲ್ಲದೆ ಇರಲಿಲ್ಲ. ನಾನು ವಕೀಲಿ ವೃತ್ತಿಯವಳು. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಕೊಲೆ ಆರೋಪ ಹೊತ್ತ ಹೆಂಗಸರ ಪರವಾಗಿ ಮುಟ್ಟುಪೂರ್ವ ಸ್ಥಿತಿಯ ವಾದವನ್ನು ಹೂಡಲಾಗಿತ್ತು, ಪದಕೋಶ ಅವರು ಹೇಳಿದ ಡಾಲ್ಟನ್ ಅವರೇ ಸಾಕ್ಷಿ ನುಡಿದಿದ್ದರು. ನಮ್ಮ ದೇಶದಲ್ಲಿ 2018ರಲ್ಲಿ ರಾಜಸ್ಥಾನ ಹೈಕೋರ್ಟು, ಮಕ್ಕಳನ್ನು ಬಾವಿಗೆ ತಳ್ಳಿದ ಹಳೆಯ ಪ್ರಕರಣವೊಂದರಲ್ಲಿ ಇದೇ ವಾದವನ್ನು ಮಾನ್ಯ ಮಾಡಿ ಮಹಿಳೆಯನ್ನು ಬಿಡುಗಡೆ ಮಾಡಿತು. ಆ ಮಹಿಳೆಗೆ ನ್ಯಾಯ ಸಿಕ್ಕಿರಬಹುದು. ಆದರೆ ನಾಳೆ ಮಗುವಿನ ಪಾಲನೆಯ ಮೊಕದ್ದಮೆಯಲ್ಲಿ ಎದುರು ಪಕ್ಷದ ವಕೀಲರು ಈ ಚರ್ಚೆ ಆರಂಭಿಸಿದವರ ಕ್ಯಾಲೆಂಡರನ್ನೇ ತಂದು ಮುಂದಿಟ್ಟರೆ ಏನು ಮಾಡುವುದು? ಬರೆಯಿರಿ, ಆದರೆ ಬರೆದದ್ದನ್ನು ಗೋಡೆಗೆ ತೂಗುಹಾಕಬೇಡಿ ಎಂಬುದು ನನ್ನ ಸಲಹೆ.

ಹೆಬ್ಬಾಳದ ಟ್ರಾಫಿಕ್

ಇದು ಅತಿಯಾಯಿತು. ಮಧುಮೇಹದ ಚೀಟಿಯನ್ನು ಬಚ್ಚಿಡಿ ಎಂದು ಯಾರೂ ಹೇಳುವುದಿಲ್ಲ.

ಕಪ್ಪು ಕೋಟು

ಮಧುಮೇಹ ಇದೆಯೆಂಬ ಕಾರಣಕ್ಕೆ ಯಾರ ಮಾತನ್ನೂ ತಳ್ಳಿಹಾಕುವುದಿಲ್ಲ. ಸಭೆಯಲ್ಲಿ ನೀವು ಗಟ್ಟಿಯಾಗಿ ವಾದಿಸಿದಾಗ "ಡೇಟ್ ಹತ್ತಿರ ಬಂದಿದೆಯೇನೋ" ಎಂದು ನಗುವುದು ನಿಮ್ಮ ಕಚೇರಿಯಲ್ಲಿ ಇಲ್ಲವೇ?

ಹೆಬ್ಬಾಳದ ಟ್ರಾಫಿಕ್

ಇದೆ. ಆ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ನಿಜವಾಗಿಯೂ ಡೇಟ್ ಹತ್ತಿರ ಬಂದಿದ್ದರೂ ನಾನು ಹೇಳಿದ ಅಂಶ ಸರಿಯಾಗಿಯೇ ಇತ್ತು ಎಂಬುದನ್ನು ಹೇಗೆ ಸಾಬೀತು ಮಾಡುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಸಿಬೇಳೆಬಾತ್

ಮೂಲ ಪ್ರಶ್ನೆಗೆ ಮರಳುತ್ತೇನೆ, ಏಕೆಂದರೆ ಅವರು ಮಾತ್ರೆಯ ಬಗ್ಗೆ ಕೇಳಿದ್ದಾರೆ. ನಾನು ನಾಲ್ಕು ವರ್ಷಗಳಿಂದ ಸರ್ಟ್ರಲೀನ್ ಎಂಬ, ಖಿನ್ನತೆಗೂ ಕೊಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ವರ್ಷ ಹದಿನಾಲ್ಕು ದಿನ ಮಾತ್ರ, ನನ್ನ ಚಕ್ರ ಏರುಪೇರಾದ ನಂತರ ತಿಂಗಳಿಡೀ. ಮೊದಲ ಚಕ್ರದಲ್ಲಿಯೇ ವ್ಯತ್ಯಾಸ ಕಂಡಿತು. ವಾಕರಿಕೆ ಒಂದು ವಾರ ಇತ್ತು, ಲೈಂಗಿಕ ಆಸಕ್ತಿ ಕಡಿಮೆಯಾಯಿತು. ಇವನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ನಾನು ಸಂತಳಾಗಲಿಲ್ಲ, ಸಿಟ್ಟು ಬರುತ್ತದೆ. ಆದರೆ ಸಿಟ್ಟು ಬರುವುದಕ್ಕೂ ತಟ್ಟೆ ಹಾರುವುದಕ್ಕೂ ನಡುವೆ ಈಗ ಒಂದು ಉಸಿರಿನಷ್ಟು ಜಾಗವಿದೆ. ಮೊದಲು ಅದು ಇರಲಿಲ್ಲ.

ಮನೆಯಲ್ಲಿ ಹೇಳಿದ್ದು ಹೀಗೆ. ಊರಿನಲ್ಲಿರುವ ಅಮ್ಮನಿಗೆ ವಿಡಿಯೋ ಕರೆಯಲ್ಲಿ ಕಾಯಿಲೆಯ ಹೆಸರು ಹೇಳಿದಾಗ ಅವರು ಗಾಬರಿಯಾದರು. "ಅಮ್ಮಾ, ಮುಟ್ಟು ಬರುವ ಮೊದಲು ನನ್ನ ಮಿದುಳಿಗೆ ಅಲರ್ಜಿ ಆಗುತ್ತದೆ, ಅದಕ್ಕೆ ಮಾತ್ರೆ" ಎಂದಾಗ ಅವರು ಒಪ್ಪಿಕೊಂಡು, ಊಟವಾದ ಮೇಲೆ ನುಂಗುವುದೋ ಮೊದಲೋ ಎಂದು ಕೇಳಿದರು.

ಎರಡನೇ ಪಾಳಿ

ಅಲರ್ಜಿ ಎಂಬುದು ಶಾಸ್ತ್ರಕ್ಕೆ ಸರಿಹೊಂದದಿದ್ದರೂ ಅಮ್ಮನಿಗೆ ಹೇಳಲು ಅದಕ್ಕಿಂತ ಒಳ್ಳೆಯ ಮಾತು ಸಿಗಲಾರದು. "ಹಿಡಿದರೆ ಬಿಡಲಾಗುವುದಿಲ್ಲ" ಎಂಬ ಭಯದ ಬಗ್ಗೆ ಎರಡು ಮಾತು. ಇವು ಎಸ್‌ಎಸ್‌ಆರ್‌ಐ ಗುಂಪಿನ, ಅಂದರೆ ಮಿದುಳಿನ ಸೆರೊಟೋನಿನ್ ಮೇಲೆ ಕೆಲಸ ಮಾಡುವ ಔಷಧಗಳು, ನಿದ್ರೆಮಾತ್ರೆಗಳಲ್ಲ. ಖಿನ್ನತೆಯಲ್ಲಿ ಇವು ಕೆಲಸ ಮಾಡಲು ವಾರಗಳು ಬೇಕು, ಪಿಎಂಡಿಡಿಯಲ್ಲಿ ಕೆಲವೇ ದಿನಗಳಲ್ಲಿ ಪರಿಣಾಮ ಕಾಣುತ್ತದೆ. ಹಾಗಾಗಿಯೇ ಅರ್ಧ ತಿಂಗಳು ಕೊಡುವುದು ಸಾಧ್ಯವಾಗಿದೆ. ಇದೇ ಗುಂಪಿನ ಫ್ಲೂಯಾಕ್ಸೆಟಿನ್‌ಗೆ ಈ ಉದ್ದೇಶಕ್ಕಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2000ದಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಇದೇ ದಾರಿ ಎಂದೇನೂ ಇಲ್ಲ. ಡ್ರೊಸ್ಪೈರಿನೋನ್ ಎಂಬ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ ಕೆಲವರಿಗೆ ಒಗ್ಗುತ್ತದೆ, ಆದರೆ ಧೂಮಪಾನ ಮಾಡುವವರಿಗೆ, ರಕ್ತ ಹೆಪ್ಪುಗಟ್ಟುವ ಇತಿಹಾಸವಿರುವವರಿಗೆ, ಕೆಲವು ಬಗೆಯ ಮೈಗ್ರೇನ್ ಇರುವವರಿಗೆ ಅದು ತಕ್ಕುದಲ್ಲ. ಆಪ್ತಸಮಾಲೋಚನೆಯಿಂದಲೂ ಹಲವರಿಗೆ ನೆರವಾಗಿದೆ. ಆದರೆ ನೆರೆಮನೆಯವರ ಚೀಟಿ ನೋಡಿ ಅಂಗಡಿಯಲ್ಲಿ ಕೊಂಡುಕೊಳ್ಳುವುದು ಮಾತ್ರ ಬೇಡ. ಇದನ್ನು ನಾನು ತಿಂಗಳಿಗೆ ಇಬ್ಬರಲ್ಲಾದರೂ ನೋಡುತ್ತೇನೆ.

ಮುದ್ದೆ ಬಸ್ಸಾರು

ಮಾತ್ರೆಗಿಂತ ಮೊದಲು ಆಹಾರ ನೋಡಿ. ಮಂಡ್ಯದಲ್ಲಿ ದಿನವೂ ರಾಗಿ ತಿನ್ನುವವರಿಗೆ ಇವೆಲ್ಲ ಬರುವುದಿಲ್ಲ.

ಎರಡನೇ ಪಾಳಿ

ನಾನು ಮಂಡ್ಯದವಳೇ, ದಿನವೂ ರಾಗಿ ತಿನ್ನುವವರೇ ನನ್ನ ಬಳಿ ಬರುತ್ತಾರೆ. ನಿಮ್ಮ ಮಾತಿನಲ್ಲಿ ಒಂದು ಎಳೆ ಮಾತ್ರ ನಿಜ. ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನಡೆಸಿದ ಅಧ್ಯಯನವೊಂದರಲ್ಲಿ ಪಿಎಂಎಸ್ ಲಕ್ಷಣಗಳು ಕಡಿಮೆಯಾಗಿದ್ದವು, ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ. ಸಾಧಾರಣ ತೊಂದರೆಗೆ ಅದು ನೆರವಾದೀತು. ಬದುಕುವುದೇ ಬೇಡ ಎನ್ನಿಸುವ ಹಂತದವರಿಗೆ ಮುದ್ದೆ ತಿನ್ನು ಎಂದು ಹೇಳಿ ಕಳುಹಿಸುವುದು ಸರಿಯಲ್ಲ. ಹಾಗೆಯೇ ಬಿ6 ವಿಟಮಿನ್ನನ್ನು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ನರಗಳಿಗೆ ಹಾನಿಯಾಗಬಹುದು.

ತುಳಸಿಕಟ್ಟೆ

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಮ್ಮ ಮನೆಯಲ್ಲಿ ನನ್ನ ಮುಟ್ಟಿನ ತಾರೀಖು ನನಗಿಂತ ಚೆನ್ನಾಗಿ ಅತ್ತೆಯವರಿಗೆ ನೆನಪಿರುತ್ತದೆ. ವರಮಹಾಲಕ್ಷ್ಮಿ, ಗೌರಿ ಹಬ್ಬ, ಮೈದುನನ ಮದುವೆ, ಎಲ್ಲದಕ್ಕೂ ಲೆಕ್ಕ ಹಾಕಿ, ಅಡ್ಡ ಬರುವಂತಿದ್ದರೆ ಮುಂದೂಡುವ ಮಾತ್ರೆಯನ್ನು ಅವರೇ ತರಿಸುತ್ತಾರೆ. ಒಂದು ಶ್ರಾವಣ ಭಾದ್ರಪದದಲ್ಲಿ ಎರಡು ತಿಂಗಳು ಸಾಲಾಗಿ ಮುಂದೂಡಿದೆ. ಆ ಹತ್ತು ದಿನಗಳ ಸೆಕೆ ಹದಿನೆಂಟು ದಿನಗಳಾಯಿತು. ಗೌರಿಗೆ ಬಾಗಿನ ಕೊಡುವಾಗ ಕೈ ನಡುಗುತ್ತಿತ್ತು, ಬಂದ ಮುತ್ತೈದೆಯರ ಮುಂದೆ ಕಾರಣವಿಲ್ಲದೆ ಅತ್ತುಬಿಟ್ಟೆ. ಭಕ್ತಿ ಹೆಚ್ಚಾಗಿದೆ ಎಂದುಕೊಂಡರು.

ದೇವರ ಮನೆಗಾಗಿ ನಮ್ಮ ತಾರೀಖು ಇಷ್ಟು ಕರಾರುವಾಕ್ಕಾಗಿ ಎಲ್ಲರಿಗೂ ಗೊತ್ತಿರುವಾಗ, ಹೇಳಲು ಮಾತಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಆಗಲೇ ಮನೆಯಲ್ಲಿದೆ, ಅದನ್ನು ಹತ್ತು ದಿನ ಹಿಂದಕ್ಕೆ ಎಳೆಯಬೇಕಷ್ಟೇ.

ಎರಡನೇ ಪಾಳಿ

ಇದು ಬಹಳ ಮುಖ್ಯವಾದ ಮಾತು. ಮುಂದೂಡುವ ಮಾತ್ರೆಯಲ್ಲಿರುವ ನಾರ್‌ಎಥಿಸ್ಟೆರೋನ್ ಪ್ರೊಜೆಸ್ಟೆರೋನಿನ ಬಳಗಕ್ಕೆ ಸೇರಿದ್ದು. ಪಿಎಂಡಿಡಿ ಇರುವ ಕೆಲವರಿಗೆ ಇಂಥವುಗಳಿಂದ ಮನಸ್ಸು ಇನ್ನಷ್ಟು ಕೆಡುತ್ತದೆ. ಹಬ್ಬದ ಮಾತ್ರೆ ಕೇಳಲು ಬರುವವರನ್ನು ನಾವು ವೈದ್ಯರೂ ಈ ಪ್ರಶ್ನೆ ಕೇಳುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಕಲ್ಯಾಣದ ಬಿಸಿಲು

ನನ್ನ ಅತ್ತಿಗೆಗೆ 36ನೆಯ ವಯಸ್ಸಿನಲ್ಲಿ ಇದೇ ತೊಂದರೆಗೆ ಗರ್ಭಕೋಶ ತೆಗೆಸಿದರೆ ಸರಿಹೋಗುತ್ತದೆ ಎಂದು ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೇಳಿದರು. ಸಾಲ ಮಾಡಿ ತೆಗೆಸಿದೆವು. ಮುಟ್ಟು ನಿಂತಿತು. ಸಿಟ್ಟು, ಅಳು, ಸಾಯುತ್ತೇನೆ ಎನ್ನುವುದು ನಿಲ್ಲಲಿಲ್ಲ. ಈಗ ಮುಟ್ಟೂ ಇಲ್ಲದಿರುವುದರಿಂದ ಯಾವಾಗ ಬರುತ್ತದೆ ಎಂದು ಗೊತ್ತಾಗುವ ಗುರುತೂ ಹೋಯಿತು. ಅಂಡಾಶಯ ಉಳಿಸಿದ್ದರಿಂದ ಚಕ್ರ ಒಳಗೊಳಗೇ ನಡೆಯುತ್ತಿದೆ ಎಂದು ಆಮೇಲೆ ಬೇರೆ ವೈದ್ಯರು ಹೇಳಿದರು. ಇದನ್ನು ಓದುವವರು ಯಾರಾದರೂ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮೊದಲು ಇನ್ನೊಬ್ಬರನ್ನು ಕೇಳಿ.

ನೇರಮಾತು

ಅಯ್ಯೋ ದೇವರೇ.

ಅವಳ ಯಜಮಾನ

ಗಂಡಸರು ಬರೆಯಬಹುದೇ? ನನ್ನ ಹೆಂಡತಿಗೆ ಈ ತೊಂದರೆ ಇದೆ ಎಂದು ತಿಳಿದ ಮೇಲೆ ನಾನು ಫೋನಿನಲ್ಲಿ ಒಂದು ಆಪ್ ಹಾಕಿಕೊಂಡು ತಾರೀಖುಗಳನ್ನು ಗಮನಿಸುತ್ತಿದ್ದೇನೆ. ಆ ದಿನಗಳು ಬಂದಾಗ ಮುಂಚಿತವಾಗಿಯೇ ಅವಳಿಗೆ ತಿಳಿಸುತ್ತೇನೆ, ಜಗಳಕ್ಕೆ ಎಡೆಯಾಗದಂತೆ ನೋಡಿಕೊಳ್ಳುತ್ತೇನೆ. ಆದರೆ ಇದರಿಂದ ಅವಳಿಗೆ ಇನ್ನೂ ಸಿಟ್ಟು ಬರುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ತುಳಸಿಕಟ್ಟೆ

ಸರ್, "ಇವತ್ತಿನಿಂದ ನಿನ್ನ ಸೀಸನ್ ಶುರು" ಎಂದು ಯಾರಾದರೂ ನಿಮಗೆ ಬೆಳಗಿನ ಕಾಫಿಯ ಜೊತೆ ಹೇಳಿದರೆ ನಿಮಗೂ ಸಿಟ್ಟು ಬರುತ್ತದೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಸಿಬೇಳೆಬಾತ್

ನೀವು ಗಮನಿಸುವುದರಲ್ಲಿ ತಪ್ಪಿಲ್ಲ, ಘೋಷಿಸುವುದರಲ್ಲಿ ಇದೆ. ಆ ವಾರ ಮಕ್ಕಳ ಹೋಂವರ್ಕ್ ಮತ್ತು ರಾತ್ರಿಯ ಪಾತ್ರೆ ನಿಮ್ಮದು ಎಂದು ಒಳ್ಳೆಯ ದಿನಗಳಲ್ಲಿಯೇ ಇಬ್ಬರೂ ಕೂತು ತೀರ್ಮಾನಿಸಿಕೊಳ್ಳಿ. ಆ ವಾರದಲ್ಲಿ ಮಾತಾಡದೆ ಅದನ್ನು ಮಾಡಿ. ಇನ್ನೊಂದು ವಿಷಯವಿದೆ. ಆ ವಾರ ಅವರು ಹೇಳುವ ದೂರುಗಳಲ್ಲಿ ಅರ್ಧದಷ್ಟಾದರೂ ಉಳಿದ ಮೂರು ವಾರ ಅವರು ನುಂಗಿಕೊಂಡಂಥವು. ಅವನ್ನು ಒಂದು ಕಡೆ ಬರೆದಿಟ್ಟುಕೊಂಡು, ಮುಟ್ಟಾಗಿ ನಾಲ್ಕು ದಿನವಾದ ಮೇಲೆ ನೀವೇ ತೆಗೆಯಿರಿ. ನೇರಮಾತು ಅವರು ಮೇಲೆ ಹೇಳಿದ, ಕಾರಣ ಮನೆಯಲ್ಲಿರುತ್ತದೆ ಎಂಬ ಮಾತು ನನ್ನ ವಿಷಯದಲ್ಲಿ ಪೂರ್ತಿ ಸುಳ್ಳಾಗಿರಲಿಲ್ಲ.

ಹೆಬ್ಬಾಳದ ಟ್ರಾಫಿಕ್

ಸ್ವಲ್ಪ ಪಕ್ಕದ ವಿಷಯ. ಕರ್ನಾಟಕ ಸರ್ಕಾರ 2025ರಲ್ಲಿ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತಲ್ಲ, ಹೆಬ್ಬಾಗಿಲು ತೆರೆದಂತೆ ನಾವೆಲ್ಲ ಸಂತೋಷಪಟ್ಟೆವು. ನನಗೆ ರಜೆ ಬೇಕಾಗಿರುವುದು ಮುಟ್ಟಿನ ದಿನವಲ್ಲ, ಅದಕ್ಕೆ ಎರಡು ದಿನ ಮೊದಲು. ಆ ದಿನ ರಜೆ ಹಾಕಿದರೆ ನಾನು ಸುಳ್ಳು ಹೇಳಿದಂತೆಯೇ?

ಕಪ್ಪು ಕೋಟು

ರಜೆಯ ಹೆಸರೇ ಮುಟ್ಟಿನ ರಜೆ. ನಿಮ್ಮ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗವನ್ನು ಲಿಖಿತವಾಗಿ ಕೇಳಿ, ವೈದ್ಯರ ಚೀಟಿಯಿದ್ದರೆ ಸಾಮಾನ್ಯ ಅನಾರೋಗ್ಯ ರಜೆಯನ್ನೇ ಹಾಕಿ. ಮೊದಲಿನ ದಿನಗಳು ನಿಯಮದ ಕಣ್ಣಿಗೆ ಬೀಳದೆ ಇರುವುದೂ ಈ ಚರ್ಚೆಯ ಶೀರ್ಷಿಕೆಯ ಪ್ರಶ್ನೆಯೇ ಆಗಿದೆ ಎನ್ನಿಸುತ್ತದೆ.

ಎರಡನೇ ಪಾಳಿ

ಚರ್ಚೆ ಆರಂಭಿಸಿದವರು ಮೊದಲ ಬರಹದಲ್ಲಿ, ತಾನಿಲ್ಲದಿದ್ದರೆ ಮನೆ ಚೆನ್ನಾಗಿ ನಡೆಯುತ್ತದೆ ಎಂದು ಅನ್ನಿಸುವುದಾಗಿ ಬರೆದಿದ್ದಾರೆ. ನಾವೆಲ್ಲ ಅದನ್ನು ದಾಟಿ ಮುಂದೆ ಹೋಗಿದ್ದೇವೆ. ತಂಗಿ, ಆ ಮಾತನ್ನು ನಿಮ್ಮ ವೈದ್ಯರಿಗೆ ಇದೇ ಶಬ್ದಗಳಲ್ಲಿ ಹೇಳಿದ್ದೀರಾ? ಪಿಎಂಡಿಡಿ ಇರುವವರಲ್ಲಿ ಆತ್ಮಹತ್ಯೆಯ ಯೋಚನೆ ಉಳಿದವರಿಗಿಂತ ಹೆಚ್ಚು. ನಾಲ್ಕು ದಿನಗಳಲ್ಲಿ ತಾನಾಗಿ ಹೋಗುತ್ತದೆ ಎಂಬ ಧೈರ್ಯದ ಮೇಲೆ ಅದನ್ನು ಬಿಡಬಾರದು. ರಾತ್ರಿ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಹಾಲಿನ ಲೆಕ್ಕ

ಎಲ್ಲವನ್ನೂ ಎರಡು ಸಲ ಓದಿದೆ. ಡಾಕ್ಟರ್ ಮೇಡಂ, ಆ ಮಾತನ್ನು ವೈದ್ಯರಿಗೆ ಹೇಳಿರಲಿಲ್ಲ. ನಿನ್ನೆ ಕರೆ ಮಾಡಿ ಹೇಳಿದೆ. ಅವರು ಸೋಮವಾರ ಬರಲು ಹೇಳಿದ್ದಾರೆ, ಯಜಮಾನರನ್ನೂ ಕರೆದುಕೊಂಡು ಬನ್ನಿ ಎಂದಿದ್ದಾರೆ.

ಯಜಮಾನರಿಗೆ ನಾನು ಕಾಯಿಲೆಯ ಹೆಸರಿನಿಂದ ಆರಂಭಿಸಲಿಲ್ಲ. ಮೂರು ರಾಜೀನಾಮೆ ಪತ್ರಗಳನ್ನು, ಎರಡು ತಿಂಗಳ ಕ್ಯಾಲೆಂಡರ್ ಹಾಳೆಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಪತ್ರಗಳ ವಿಷಯ ಅವರಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಏನೂ ಹೇಳದೆ, ಆಮೇಲೆ ಆರು ಎಂದು ಬರೆದಿದ್ದ ಒಂದು ದಿನದ ಮೇಲೆ ಬೆರಳಿಟ್ಟು, "ಅವತ್ತು ನಾವು ಸಿಗಂದೂರಿಗೆ ಹೋಗಿದ್ದೆವು, ದಾರಿಯುದ್ದಕ್ಕೂ ನೀನು ನಗುತ್ತಿದ್ದೆ" ಎಂದರು. ಹೌದು, ನಗುತ್ತಿದ್ದೆ ಎಂದೆ. ಮಾತ್ರೆಗೆ ಒಪ್ಪಿದ್ದಾರೆಯೇ ಎಂದು ಕೇಳಿದರೆ, ಒಪ್ಪಿದ್ದಾರೆ ಎನ್ನಲಾರೆ. ಸೋಮವಾರ ಬರಲು ಒಪ್ಪಿದ್ದಾರೆ. ಕಪ್ಪು ಕೋಟು ಅವರ ಸಲಹೆಯಂತೆ ಕ್ಯಾಲೆಂಡರನ್ನು ಗೋಡೆಯಿಂದ ತೆಗೆಯಬೇಕೆಂದಿದ್ದೆ, ಆದರೆ ಹಾಲಿನ ಲೆಕ್ಕಕ್ಕೆ ಬೇರೆ ಜಾಗವಿಲ್ಲ.

ಒಂದು ಪ್ರಶ್ನೆ ಉಳಿದಿದೆ. ನನ್ನ ಚಕ್ರ 28 ದಿನಗಳದ್ದಲ್ಲ, ಹೆಚ್ಚು ಕಡಿಮೆ 31. ಮುಟ್ಟಿಗೆ ಹದಿನಾಲ್ಕು ದಿನ ಮೊದಲು ಎಂದರೆ, ಮುಂದಿನ ಮುಟ್ಟು ಬರುವ ದಿನವೇ ಗೊತ್ತಿಲ್ಲದಿರುವಾಗ ಎಲ್ಲಿಂದ ಎಣಿಸುವುದು?

ಎರಡನೇ ಪಾಳಿ

ಚಕ್ರ ಉದ್ದವಾದರೂ ಗಿಡ್ಡವಾದರೂ ಬದಲಾಗುವುದು ಹೆಚ್ಚಾಗಿ ಅದರ ಮೊದಲ ಭಾಗ. ಅಂಡ ಬಿಡುಗಡೆಯಾದ ಮೇಲಿನ ಭಾಗ ಬಹುತೇಕರಲ್ಲಿ ಹದಿನಾಲ್ಕು ದಿನಗಳ ಆಸುಪಾಸಿನಲ್ಲಿಯೇ ಇರುತ್ತದೆ. ಹಾಗಾಗಿ ನಿಮ್ಮ ಸರಾಸರಿ ಚಕ್ರದಲ್ಲಿ ಹದಿನಾಲ್ಕನ್ನು ಕಳೆಯಿರಿ, ಉಳಿದದ್ದು ಮುಟ್ಟಾದ ದಿನದಿಂದ ಎಣಿಸಬೇಕಾದ ದಿನ. ನಾಲ್ಕೈದು ತಿಂಗಳ ತಾರೀಖು ನೋಡಿ 31 ಎಂಬುದು ಗಟ್ಟಿ ಎಂದಾದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಬಹಳ ಏರುಪೇರಿದ್ದರೆ ತಿಂಗಳಿಡೀ ತೆಗೆದುಕೊಳ್ಳುವುದು ವಾಸಿ ಎಂದು ಹೇಳಬಹುದು. ಸೋಮವಾರ ನಿಮ್ಮ ವೈದ್ಯರ ಬಳಿ ಇದನ್ನು ಖಚಿತಪಡಿಸಿಕೊಂಡ ಮೇಲೆಯೇ ಆರಂಭಿಸಿ.

ಹಾಲಿನ ಲೆಕ್ಕ

ಏಳು ತಿಂಗಳದ್ದು ನೋಡಿದೆ. 30, 31, 31, 32, 31, 30, 31. ಹಾಗಾದರೆ ಹದಿನೇಳನೆಯ ದಿನ. ಅದು ಬರುವ ಮಂಗಳವಾರ.